ಸೆಲ್ಲಿನ ಕಪ್ಪು ಪುಡಿ ಎಲ್ಲಿಯದು?

ಅಣ್ಣಿಗೇರಿಯ ಸಾಲಿಯಲ್ಲಿ ನಾವು ಕಲಿಯುವಾಗ ಸತ್ತ ಟಾರ್ಚ್ ಸೆಲ್ಲನ್ನು ಯಾರೂ ಎಸೆಯುತ್ತಿರಲಿಲ್ಲ. ಕಲ್ಲಿನಿಂದ ಜಜ್ಜಿ, ನಡುವಿನ ಕಡ್ಡಿ ತೆಗೆದು, ಸುತ್ತಲಿನ ಕಪ್ಪು ಪುಡಿಯನ್ನು ಎಲೆಯ ರಸದಲ್ಲಿ ಕಲಸಿ ಪಾಟಿಗೆ ಬಳಿಯುತ್ತಿದ್ದೆವು. ಅದು ಮ್ಯಾಂಗನೀಸ್ ಡೈಆಕ್ಸೈಡ್, ಸೆಲ್ಲಿನ ಧನಧ್ರುವವೇ ಅದು ಎಂದು ತಿಳಿದದ್ದು ನಾನೇ ವಿಜ್ಞಾನದ ಮಾಸ್ತರನಾದ ಮೇಲೆ.

ಈಗ ಹೆಸರಿನ ಬೆಳೆಗೆ ಎಣ್ಣೆ ಹೊಡೆಯಲು ಲಿಥಿಯಂ ಬ್ಯಾಟರಿಯ ಪಂಪು ಇಟ್ಟಿದ್ದೇನೆ. ಹೋದ ಬೇಸಿಗೆಯೆಲ್ಲ ಅದು ಪತ್ರಾಸಿನ ಶೆಡ್ಡಿನಲ್ಲಿತ್ತು. ಮಳೆ ಬಿದ್ದ ಮೇಲೆ ಎರಡು ಟ್ಯಾಂಕಿ ಹೊಡೆಯುವುದರೊಳಗೆ ನಿಂತುಬಿಟ್ಟಿತು. ‘ಹೊಸಾದ್ ಹಾಕಸ್ರಿ ಮಾಸ್ತರ, ಇದರಾಗ ರಿಪೇರಿ ಏನೂ ಇಲ್ರಿ’ ಎಂದ ಅಂಗಡಿಯವ. ಒಳಗಿರುವ ಪುಡಿ ಯಾವುದೆಂದು ಡಬ್ಬಿಯ ಮೇಲೆ ಒಂದಕ್ಷರವೂ ಇರಲಿಲ್ಲ.

ಬ್ಯಾಟರಿಯ ಬೆಲೆ, ಬಾಳಿಕೆ ಎರಡನ್ನೂ ಬಹುಮಟ್ಟಿಗೆ ಗೊತ್ತುಮಾಡುವುದು ಆ ಪುಡಿಯೇ. ನವಲಗುಂದದ ರೈತ ಬಂಡಾಯದ ವರ್ಷ, 1980ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡಿನಫ್ ಮತ್ತು ಸಂಗಡಿಗರು ಕೋಬಾಲ್ಟ್ ಆಕ್ಸೈಡಿನ ಪದರಗಳ ನಡುವೆ ಲಿಥಿಯಂ ಕೂತು, ಚಾರ್ಜಿಗೆ ಎದ್ದುಹೋಗಿ, ಮತ್ತೆ ಬಂದು ಕೂಡುವುದನ್ನು ತೋರಿಸಿದರು. ಆದರೆ ಕೋಬಾಲ್ಟ್ ತುಟ್ಟಿ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕಾಂಗೋ ಒಂದರಿಂದಲೇ ಬರುತ್ತದೆ. 1983ರಲ್ಲಿ ಅದೇ ಲ್ಯಾಬಿನಲ್ಲಿ ಮೈಕೆಲ್ ಥ್ಯಾಕರೆ ಅಗ್ಗದ ಮ್ಯಾಂಗನೀಸನ್ನು ಹಿಡಿದರು. ಅದರ ದೋಷ ಬಿಸಿಲ ನಾಡಿನವರಾದ ನಮಗೆ ಮುಖ್ಯ: 55 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಮ್ಯಾಂಗನೀಸ್ ಸ್ವಲ್ಪಸ್ವಲ್ಪವಾಗಿ ಒಳಗಿನ ದ್ರಾವಣಕ್ಕೆ ಕರಗುತ್ತದೆ, ಬ್ಯಾಟರಿಯ ಶಕ್ತಿ ಇಳಿಯುತ್ತ ಹೋಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಪತ್ರಾಸಿನ ಕೆಳಗೆ ನಿಂತು ನೋಡಿ.

ಕೇಂದ್ರದ ಪ್ರೋತ್ಸಾಹಧನ ಯೋಜನೆಗೆ 2022ರಲ್ಲಿ ಆಯ್ಕೆಯಾದ 5 ಗಿಗಾವ್ಯಾಟ್ ಅವರ್ ಸೆಲ್ ಕಾರ್ಖಾನೆಯೊಂದಕ್ಕೆ ಧಾರವಾಡವನ್ನು ಗೊತ್ತುಮಾಡಿದ್ದಾರೆ. ಎಷ್ಟು ಹುಡುಗರಿಗೆ ನೌಕರಿ ಎಂದು ಎಲ್ಲರೂ ಕೇಳುತ್ತಾರೆ. ಪುಡಿ ಎಲ್ಲಿಂದ ಬರುತ್ತದೆ ಎಂದು ನಾನು ಕೇಳುತ್ತೇನೆ. ಜಗತ್ತಿನ ಬಹುಪಾಲು ಪುಡಿ ಚೀನಾದಲ್ಲಿ ತಯಾರಾಗುತ್ತದೆ. ಅದನ್ನೇ ತರಿಸಿ ಡಬ್ಬಿಗೆ ತುಂಬುವುದಾದರೆ ಈ ಜಿಲ್ಲೆಗೆ ಉಳಿಯುವುದು ಕೂಲಿ ಮಾತ್ರ. ಪುಡಿಗೆ ಒದಗುವ ಮ್ಯಾಂಗನೀಸ್, ಕಬ್ಬಿಣ ಎರಡೂ ಸಂಡೂರಿನ ಗುಡ್ಡದಲ್ಲಿವೆ. ನಮ್ಮ ಸ್ಟೇಷನ್ನಿನ ಹಳಿ ಅದರ ಹತ್ತಿರದ ಹೊಸಪೇಟೆಗೇ ಹೋಗುತ್ತದೆ. ಹೌದು, ಅದಿರನ್ನು ಹಾಗೇ ಬ್ಯಾಟರಿಗೆ ಹಾಕಲು ಬರುವುದಿಲ್ಲ. ಆಮ್ಲದಲ್ಲಿ ಕರಗಿಸಿ, ಸೋಸಿ, ಶುದ್ಧ ಸಲ್ಫೇಟ್ ಮಾಡಿಕೊಳ್ಳಬೇಕು. ಆ ವಿದ್ಯೆ ಇಲ್ಲಿಯ ಹುಡುಗರಿಗೆ ಸಿಗಲಿ ಎಂಬುದೇ ನನ್ನ ಹಟ.

ಲಿಥಿಯಂನ ಆಸೆ ಬೇಡ. ಮಂಡ್ಯದ ಮರ್ಲಗಲ್ಲದಲ್ಲಿ ಅಂದಾಜಿಗೆ ಸಿಕ್ಕದ್ದು 1,600 ಟನ್. ಉಪ್ಪಿನಿಂದ ಬರುವ ಸೋಡಿಯಂ ಜೊತೆ ಕಬ್ಬಿಣ, ಮ್ಯಾಂಗನೀಸ್ ಸೇರಿಸಿದ ಆಕ್ಸೈಡೂ ಬ್ಯಾಟರಿಗೆ ಆಗುತ್ತದೆ. ತೂಕ ತುಸು ಹೆಚ್ಚು; ಪಂಪಿಗೂ ಗೂಡ್ಸ್ ಆಟೋಕ್ಕೂ ಅದು ಅಡ್ಡಿಯಲ್ಲ.

ಚಿಕ್ಕಮಲ್ಲಿಗವಾಡದಲ್ಲಿ 2023ರಿಂದ ಧಾರವಾಡ ಐಐಟಿಯ ಸ್ವಂತ ಕ್ಯಾಂಪಸ್ಸಿದೆ. ಆ ಪುಡಿಯನ್ನು ಅಲ್ಲಿ ಪರೀಕ್ಷಿಸಲಿ, ಎಸಿ ಕೋಣೆಯಲ್ಲಿ ಮಾತ್ರವಲ್ಲ, ನವಲಗುಂದ, ಕುಂದಗೋಳದ ಎರೆಹೊಲದ ಬಿಸಿಲಲ್ಲೂ. ನನ್ನ ಸತ್ತ ಬ್ಯಾಟರಿಯನ್ನು ಗುಜರಿಗೆ ಹಾಕಿಲ್ಲ. ಬೇಕೆಂದರೆ ನಾಳೆಯೇ ಒಯ್ದು ಕೊಡುತ್ತೇನೆ.