ಕೂಸಿನ ಅಳತೆಗೆ ಹೆಣೆದದ್ದು

ದಾನದ ಬೆಲೆಯನ್ನು ಕೊಟ್ಟವರ ಶ್ರಮದಿಂದ ಕಟ್ಟಬೇಕೋ, ಪಡೆದವರಿಗಾದ ಉಪಯೋಗದಿಂದಲೋ? ಆಸ್ಪತ್ರೆಯ ಹಸುಗೂಸುಗಳಿಗೆಂದು ಸ್ವೆಟರ್ ಹೆಣೆದುಕೊಡುವ ಹೆಂಗಸರನ್ನು ಕಂಡಾಗ ಈ ಪ್ರಶ್ನೆ ಏಳುತ್ತದೆ. ಒಂದು ಪುಟ್ಟ ಸ್ವೆಟರಿಗೆ ಹಲವು ಸಂಜೆಗಳು ಬೇಕು. ಅಷ್ಟು ಹೊತ್ತು ಯಾರದೋ ಮಗುವಿಗಾಗಿ ಕೈಯಾಡಿಸುವ ಮನಸ್ಸು ದೊಡ್ಡದು. ಅದರ ಮೇಲಿನ ಗೌರವದಿಂದಲೇ ಹೇಳುತ್ತೇನೆ: ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ವಾರ್ಡಿನ ನರ್ಸಮ್ಮನನ್ನು ಕೇಳಬೇಕು.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಸ್ವೆಟರ್ ಯಾಕೆ ಎನ್ನುವವರುಂಟು. ಧನುರ್ಮಾಸದ ಬೆಳಗಿನ ಚಳಿ ಬಿಟ್ಟರೆ ಇಲ್ಲಿ ಸೆಕೆಯೇ ಹೆಚ್ಚು. ಇಲ್ಲಿನ ಹೆಸರಾಂತ ಬಂಡೂರು ಕುರಿ ಮಳವಳ್ಳಿ ತಾಲ್ಲೂಕಿನದೇ ಆದರೂ ಅದನ್ನು ಸಾಕುವುದು ಮಾಂಸಕ್ಕೆ. ಅದರ ಮೈಯ ಒರಟು ಕೂದಲು ಮಗುವಿನ ಬಟ್ಟೆಗೆ ಬರುವಂಥದಲ್ಲ. ಆದರೆ ಚಳಿಯನ್ನು ನಮ್ಮ ಮೈಯಿಂದ ಅಳೆಯುವುದು ತಪ್ಪು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಮೈಯಲ್ಲಿ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ನಮಗೆ ಹಿತವೆನಿಸುವ ಗಾಳಿಯಲ್ಲೂ ಅದರ ಮೈ ತಣ್ಣಗಾಗುತ್ತದೆ. ಕೂಸಿನ ಮೈಶಾಖ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಕುಡಿದ ಹಾಲಿನ ಬಲವೆಲ್ಲ ಮೈ ಕಾಯಿಸುವುದಕ್ಕೇ ಖರ್ಚಾಗಿ ತೂಕ ಏರುವುದಿಲ್ಲ, ರಕ್ತದ ಸಕ್ಕರೆ ಅಂಶವೂ ಕುಸಿಯಬಹುದು. ರಾಜ್ಯ ಸರ್ಕಾರ 2007ರಲ್ಲಿ ಬಡ ಬಾಣಂತಿಯರಿಗೆ ಆರಂಭಿಸಿದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಸೋಪುಗಳ ಜೊತೆಗೆ ಮಗುವಿನ ಸ್ವೆಟರ್, ಟೋಪಿ, ಕಾಲುಚೀಲವೂ ಇದ್ದದ್ದು ಸುಮ್ಮನಲ್ಲ.

ಆದರೆ ಎಂಥ ಸ್ವೆಟರ್? ಮೈ ಕಾಯಿಸುವ ವಾರ್ಮರ್ ಕೆಳಗಿರುವ ಕೂಸಿಗೆ ಬಟ್ಟೆ ಹಾಕುವುದಿಲ್ಲ. ಬಿಸಿ ನೇರ ಚರ್ಮಕ್ಕೆ ತಾಗಬೇಕು. ಸ್ವೆಟರ್ ಬೇಕಾಗುವುದು ಅಲ್ಲಿಂದ ಹೊರಬಂದ ಮೇಲೆ ವಾರ್ಡಿನಲ್ಲಿ, ಆಮೇಲೆ ಮನೆಗೆ ಹೊರಟಾಗ. ಕೈಗೆ ಡ್ರಿಪ್ ಸೂಜಿ ಚುಚ್ಚಿದ್ದರೆ ತಲೆಯ ಮೇಲಿಂದ ತೊಡಿಸುವ ಸ್ವೆಟರ್ ಆಗದು, ಮುಂದೆ ಪೂರ್ತಿ ತೆರೆದಿರಬೇಕು. ಗುಂಡಿ ಕಿತ್ತು ಬಾಯಿಗೆ ಹೋದೀತು. ಎದೆಯ ಹತ್ತಿರ ಗಿಡ್ಡ ಲಾಡಿ ಸಾಕು. ನೋಡಲು ಚೆಂದವೆಂದು ತೂತುತೂತಾಗಿ ಹೆಣೆದರೆ ಬೆರಳು ಸಿಕ್ಕಿಕೊಳ್ಳುತ್ತದೆ. ದಾರದ ಮಾತು ಇನ್ನೂ ಮುಖ್ಯ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಅಗ್ಗದ ದಾರ ಹೆಚ್ಚಾಗಿ ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಕೂಸಿಗೆ ಹೊಗೆ ಹಿಡಿಯುವ ಮನೆಗಳಿಗೆ ಇಂಥ ಬಟ್ಟೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಅಜ್ಜಿಯರು ಕೂಸನ್ನು ಸುತ್ತುತ್ತಿದ್ದದ್ದು ಒಗೆದೊಗೆದು ಮೆತ್ತಗಾದ ಹತ್ತಿ ಸೀರೆಯ ತುಂಡಿನಲ್ಲಿ. ಹೆಣೆಯುವವರೂ ಹತ್ತಿ ದಾರಕ್ಕೇ ಬರಲಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಕಡಿಮೆ ತೂಕದ ಕೂಸಿಗೆ ತಾಯಿಯ ಎದೆಗಿಂತ ಒಳ್ಳೆಯ ಶಾಖವಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್ ಸಾಲದೆ ವೈದ್ಯರು ಕೂಸುಗಳನ್ನು ಅಮ್ಮಂದಿರ ಎದೆಗೇ ಕಟ್ಟಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹಾಗೆ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಮೊದಲ 28 ದಿನಗಳ ಸಾವು ಶೇ. 25ರಷ್ಟು ತಗ್ಗಿತು. ದಿನಕ್ಕೆ 8ರಿಂದ 24 ಗಂಟೆ ಹೀಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆಗ ಮಗುವಿನ ಮೈಮೇಲೆ ಲಂಗೋಟಿ, ಟೋಪಿ, ಕಾಲುಚೀಲ ಮಾತ್ರ. ಸ್ವೆಟರ್ ತಾಯಿಗೂ ಮಗುವಿಗೂ ನಡುವೆ ಅಡ್ಡ ಬರುತ್ತದೆ. ಅದರ ಬದಲು ಟೋಪಿ ಹೆಣೆಯಬಹುದು, ಒಂದು ಸ್ವೆಟರಿನ ದಾರದಲ್ಲಿ ಹಲವು ಟೋಪಿಗಳಾಗುತ್ತವೆ. ಕೂಸಿನ ತಲೆ ದೊಡ್ಡದು, ಅಲ್ಲಿಂದ ಹೋಗುವ ಶಾಖವೂ ಬಹಳ.

ಹಾಗಾದರೆ ಅಂಗಡಿಯ ಟೋಪಿಯನ್ನೇ ಕೊಂಡು ಹಂಚಬಹುದಲ್ಲ? ಒಂದೂವರೆ ಕಿಲೋ ಕೂಸಿನ ತಲೆಗೆ ಸರಿಯಾದ ಟೋಪಿ ನಮ್ಮೂರ ಬಟ್ಟೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಮನೆಯ ಕೈ ಅಂಗಡಿಯನ್ನು ಮೀರುವುದು ಇಲ್ಲೇ. ಅಳತೆ ಕೇಳಿಸಿಕೊಂಡು ಅಷ್ಟಕ್ಕೇ ಹೆಣೆಯಬಲ್ಲದು, ಸರಿಬರದಿದ್ದರೆ ಬಿಚ್ಚಿ ಮತ್ತೆ ಹೆಣೆಯಬಲ್ಲದು. ಇನ್ನು ಸಿಸೇರಿಯನ್ ಆದ ತಾಯಿ ಗಂಟೆಗಟ್ಟಲೆ ಮಗುವನ್ನು ಎದೆಗವಚಿಕೊಂಡಿರಲು ಒರಗಿ ಕೂರುವ ಜಾಗ ಬೇಕು. ಅವಳಿಗೆ ಸುಸ್ತಾದಾಗ ಅಪ್ಪನೋ ಅಜ್ಜಿಯೋ ಎತ್ತಿಕೊಳ್ಳಬಹುದು, ಅವರಿಗೂ ಕೂರಲು ಎಡೆ ಬೇಕು. ಹೆಣೆಯುವ ಗುಂಪಿನವರು ಕೇಳಹೋದಾಗ ನರ್ಸಮ್ಮ ‘ಟೋಪಿ ಸಾಕಷ್ಟಿವೆ, ಒರಗು ಕುರ್ಚಿ ಇಲ್ಲ’ ಎಂದರೆ ಆ ವರ್ಷದ ದಾರದ ದುಡ್ಡು ಕುರ್ಚಿಗೇ ಹೋಗಬೇಕು.