ಘಟ್ಟದ ಮೇಲಿನ ಸುಂಕದ ಕಟ್ಟೆ

ಸುಂಕದ ಕಟ್ಟೆಯು ಕಡಲ ದಡಕ್ಕೇ ಸೇರಿದುದೆಂಬ ಎಣಿಕೆಯನ್ನು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಸುಳ್ಳಾಗಿಸುತ್ತದೆ. ಮುರ್ಮಗೋವಾ ಬಂದರಿನ ರೈಲುದಾರಿಯು 1888ರಲ್ಲಿ ಘಟ್ಟವನ್ನೇರಿತು. ಗಡಿಸುಂಕವನ್ನು ತೆಗೆದಿದ್ದ 1878ರ ಆಂಗ್ಲ-ಪೋರ್ತುಗೀಜ ಒಡಂಬಡಿಕೆಯು 1892ರಲ್ಲಿ ಕೊನೆಗೊಳ್ಳಲು, ಆ ಗೆರೆ ಮತ್ತೆ ತಲೆಯೆತ್ತಿತು. ಘಟ್ಟದ ಎರಡು ಮಗ್ಗುಲಿನ ಬಂಧುಗಳು ಪರಸ್ಪರರ ಮನೆಗೆ ಹೋಗಲು ಗಂಟುಮೂಟೆಗಳನ್ನು ಬಿಚ್ಚಿ ತೋರಿಸಬೇಕಾಯಿತು. 1947ರಲ್ಲಿ ಆಂಗ್ಲರು ಹೋದರು, ತಪಾಸಣೆ ಹೋಗಲಿಲ್ಲ. 1961ರ ಡಿಸೆಂಬರ 19ರಂದು ಗೋವೆಯು ಬಿಡುಗಡೆ ಹೊಂದಿದ ಮೇಲೆಯೇ ಆ ಗಡಿಗೆ ಅರ್ಥವಿಲ್ಲದಾಯಿತು.

ದಾಸ್ಯದ ಗುರುತನ್ನು ನೆನೆಯುವುದೇಕೆ ಎಂಬವರ ವಾದವು ನಿಸ್ಸಾರವಾದುದು. ಕಲೆಯನ್ನು ಮರೆಸಿದ ಮಾತ್ರಕ್ಕೆ ಗಾಯವೇ ಆಗಿರಲಿಲ್ಲವೆಂದಾಗದು. ದೂಧಸಾಗರದ ಸೊಬಗನ್ನು ಕಾಣಲು ಈ ದಾರಿಯಲ್ಲಿ ಸಾಗುವ ಮಕ್ಕಳಿಗೆ, ಒಂದೇ ನಾಡನ್ನು ಪರರು ಇಲ್ಲಿಯೇ ಎರಡಾಗಿ ಸೀಳಿದ್ದರೆಂದು ತಿಳಿಸುವುದು ವಿದ್ಯಾವಂತರ ಋಣವಲ್ಲವೇ? ತೀರಿಸದ ಋಣವು ಮುಂದಿನ ತಲೆಮಾರಿನ ಅಜ್ಞಾನವಾಗಿ ಬೆಳೆಯುತ್ತದೆ.