ಹಳೆಯ ಕಾಗದ ಓದಬಲ್ಲವರು ಎಷ್ಟು ಮಂದಿ?

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೆದ್ದಾರಿಯಲ್ಲಿ ಸಾಗಿದರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಕಾರ್ಖಾನೆಗಳ ತಗಡಿನ ಛಾವಣಿಗಳು, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಯುವಕರು, ಸಾಲುಗಟ್ಟಿ ನಿಂತ ಲಾರಿಗಳು. ಇವುಗಳ ನಡುವೆಯೇ ರಾಜ್ಯ ಹೈಕೋರ್ಟಿನ ಧಾರವಾಡ ಪೀಠದ ಭವ್ಯ ಕಟ್ಟಡವಿದೆ. 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಖಾಯಂ ಆದ ಈ ಪೀಠಕ್ಕೆ ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉತ್ತರ ಕನ್ನಡಗಳಿಂದ ಜನರು ಬರುತ್ತಾರೆ. ಅವರ ಕೈಚೀಲಗಳಲ್ಲಿ ರೊಟ್ಟಿಯ ಗಂಟಿನ ಜೊತೆ ಇನ್ನೊಂದು ಗಂಟಿರುತ್ತದೆ. ಅಜ್ಜನ ಕಾಲದ ಉತಾರ, ಇನಾಮು ಪತ್ರ, ಮುನಸಿಪಾಲಿಟಿಯ ಠರಾವಿನ ನಕಲು, ಮಡಿಸಿ ಮಡಿಸಿ ಸವೆದುಹೋದ ಮೋಡಿ ಅಕ್ಷರದ ಹಾಳೆ. ಅದರಲ್ಲಿ ಏನಿದೆಯೆಂದು ತಂದವರಿಗೂ ಗೊತ್ತಿರುವುದಿಲ್ಲ, ಅನೇಕ ಸಲ ವಕೀಲರಿಗೂ ಗೊತ್ತಿರುವುದಿಲ್ಲ.

ಅದನ್ನು ಓದಬಲ್ಲವರನ್ನು ತಯಾರಿಸಬೇಕಾದ ಸಂಸ್ಥೆ ಇದೇ ಊರಿನ ಇನ್ನೊಂದು ಬದಿಯಲ್ಲಿ, ಪಾವಟೆ ನಗರದ ಗುಡ್ಡದ ಮೇಲಿದೆ. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಬಗ್ಗೆ ನಾವಿಲ್ಲಿ ಬರೆಯಹೊರಟಿರುವುದು ಆ ಹಾಳೆಯ ಕಾರಣದಿಂದಲೇ.

ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದವನ್ನು ಓದುಗರು ಮರೆತಿರಲಾರರು. 1994ರ ಆಗಸ್ಟ್ 15ರಂದು ಅಲ್ಲಿ ನಡೆದ ಗೋಲಿಬಾರಿನಲ್ಲಿ ಜೀವಗಳು ಹೋದವು. ಆ ಘಟನೆಯ ಮೇಲೆ ರಾಜಕೀಯ ಕಟ್ಟಿದವರು ಅಧಿಕಾರದ ಮೆಟ್ಟಿಲುಗಳನ್ನು ಏರಿದರು. ಆದರೆ ಈ ಎಲ್ಲ ಗದ್ದಲದ ತಳದಲ್ಲಿದ್ದುದು 1921ರ ಒಂದು ಕಾಗದ. ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ ಅಂದಿನ ಪುರಸಭೆ 999 ವರ್ಷಗಳಿಗೆ ಕೊಟ್ಟದ್ದು ಭೋಗ್ಯದ ಹಕ್ಕೋ ಅಥವಾ ವರ್ಷಕ್ಕೆರಡು ಈದ್ ನಮಾಝಿನ ಪರವಾನಗಿಯೋ ಎಂಬುದೇ ನ್ಯಾಯಾಲಯಗಳ ಮುಂದಿದ್ದ ಪ್ರಶ್ನೆಯ ತಿರುಳು. ಅದು ಪರವಾನಗಿ ಮಾತ್ರ ಎಂದು 1992ರಲ್ಲಿ ಹೈಕೋರ್ಟ್ ಹೇಳಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2022ರ ಆಗಸ್ಟ್ 30ರಂದು ಒಂದೇ ದಿನ ಎರಡು ಈದ್ಗಾಗಳ ಕುರಿತು ಎರಡು ಆದೇಶಗಳು ಬಂದುದನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಚಾಮರಾಜಪೇಟೆಯ ಮೈದಾನದಲ್ಲಿ ಯಥಾಸ್ಥಿತಿ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ರಾತ್ರಿ, ಹುಬ್ಬಳ್ಳಿಯಲ್ಲಿ ಗಣೇಶೋತ್ಸವಕ್ಕೆ ಪಾಲಿಕೆ ಕೊಟ್ಟಿದ್ದ ಅನುಮತಿಯಲ್ಲಿ ಮಧ್ಯಪ್ರವೇಶಿಸಲು ರಾಜ್ಯ ಹೈಕೋರ್ಟ್ ನಿರಾಕರಿಸಿತು. ಟಿ.ವಿ. ಚರ್ಚೆಗಳಲ್ಲಿ ಇದನ್ನು ಸೋಲು-ಗೆಲುವೆಂದು ಬಣ್ಣಿಸಲಾಯಿತು. ವಾಸ್ತವದಲ್ಲಿ ವ್ಯತ್ಯಾಸವಿದ್ದುದು ಕಾಗದಗಳಲ್ಲಿ. ಚಾಮರಾಜಪೇಟೆಯ ವಿಷಯದಲ್ಲಿ 1965ರ ವಕ್ಫ್ ಗೆಜೆಟ್ ಅಧಿಸೂಚನೆಯನ್ನು ಮುಂದಿಡಲು ಸಾಧ್ಯವಿತ್ತು. ಹುಬ್ಬಳ್ಳಿಯ ಒಡೆತನದ ಪ್ರಶ್ನೆ ಹನ್ನೆರಡು ವರ್ಷ ಮೊದಲೇ ಮುಗಿದುಹೋಗಿತ್ತು.

ಆ ತೀರ್ಪುಗಳ ಸರಿ-ತಪ್ಪನ್ನು ಇಲ್ಲಿ ತೂಗಲು ನಾವು ಹೊರಟಿಲ್ಲ. ನಮ್ಮ ಪ್ರಶ್ನೆ ಬೇರೆ. 1921ರಲ್ಲಿ ಆ ಠರಾವಿಗೆ ಒಪ್ಪಿಗೆ ಸೂಚಿಸಿದ ನಮ್ಮ ಹಿರಿಯರಿಗೆ, ಭೋಗ್ಯಕ್ಕೂ ಪರವಾನಗಿಗೂ ಇರುವ ಅಂತರವನ್ನು ಹೇಳಿಕೊಡುವವರು ಯಾರಾದರೂ ಇದ್ದರೇ? ಇಂದು ನಮ್ಮ ಮಸೀದಿ ಕಮಿಟಿಗಳಿಗೆ ಅದನ್ನು ಹೇಳಿಕೊಡುವವರು ಇದ್ದಾರೆಯೇ?

2025ರ ವಕ್ಫ್ ತಿದ್ದುಪಡಿ ಕಾಯ್ದೆಯ ನಂತರ ಈ ಪ್ರಶ್ನೆ ನಮ್ಮ ಕೊರಳಿಗೇ ಬಂದಿದೆ. ಆ ವರ್ಷದ ಜೂನ್ 6ರಂದು ಕೇಂದ್ರ ಸರಕಾರವು ಉಮೀದ್ ಪೋರ್ಟಲನ್ನು ತೆರೆದು, ದೇಶದ ಎಲ್ಲ ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ದಾಖಲಿಸಬೇಕೆಂದು ಹೇಳಿತು. ಬಳಕೆಯಿಂದ ವಕ್ಫ್ ಎಂಬ ಪರಿಕಲ್ಪನೆಯನ್ನು ಮುಂದಿನ ದಿನಗಳಿಗೆ ಇಲ್ಲವಾಗಿಸಿದ ಕಾಯ್ದೆಯಿದು. ಇದರ ಅನ್ಯಾಯದ ಬಗ್ಗೆ ಬೀದಿಯಲ್ಲೂ ನ್ಯಾಯಾಲಯದಲ್ಲೂ ಧ್ವನಿಯೆತ್ತಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಧ್ವನಿಯೆತ್ತಿದ ಎಷ್ಟು ಜಮಾಅತ್‌ಗಳಲ್ಲಿ ದಾನಪತ್ರ ಕೈಗೆ ಸಿಕ್ಕಿತು? ಸಿಕ್ಕಿದ್ದು ಯಾವ ಲಿಪಿಯಲ್ಲಿತ್ತು? ಮುತವಲ್ಲಿಯ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಆಹಾರವಾದ ದಾಖಲೆಗೆ ಯಾವ ಸರಕಾರವನ್ನು ದೂರುವುದು?

ಈ ನಾಡಿಗೆ ಇದು ಹೊಸ ಅನುಭವವೂ ಅಲ್ಲ. ಬ್ರಿಟಿಷರು 1852ರ ಕಾಯ್ದೆಯ ಬಲದಿಂದ ಇನಾಮ್ ಆಯೋಗವನ್ನು ಧಾರವಾಡ, ಬೆಳಗಾವಿ ಸೀಮೆಗೆ ಇಳಿಸಿದಾಗ, ಆದಿಲಶಾಹಿ, ಸವಣೂರು ನವಾಬ, ಪೇಶ್ವೆಗಳ ಕಾಲದಿಂದ ಭೂಮಿ ಅನುಭವಿಸಿಕೊಂಡು ಬಂದ ಕುಟುಂಬಗಳು ಇದ್ದಕ್ಕಿದ್ದಂತೆ ಸನದು ತೋರಿಸಬೇಕಾಯಿತು. ತೋರಿಸಲಾಗದವರು ಭೂಮಿ ಕಳೆದುಕೊಂಡರು. ಮಠ, ದೇವಸ್ಥಾನ, ದರ್ಗಾ, ಖಾಜಿ, ದೇಸಾಯಿ ಎಂಬ ಭೇದವನ್ನು ಆ ಆಯೋಗ ಮಾಡಲಿಲ್ಲ. ಮುಂಬಯಿ ಕರ್ನಾಟಕದ ಹಳೆಯ ದಾಖಲೆಗಳ ಬಹುಭಾಗ ಇಂದಿಗೂ ಮೋಡಿ ಲಿಪಿಯಲ್ಲಿದೆ. ಪೇಶ್ವೆ ದಫ್ತರವಿರುವುದು ಪುಣೆಯಲ್ಲಿ. ಅದಕ್ಕಿಂತ ಹಿಂದಿನದು ಪಾರ್ಸಿಯಲ್ಲಿದೆ. ಇವನ್ನು ಓದದೆ ಈ ಭಾಗದ ಇತಿಹಾಸವನ್ನು ಬರೆಯಲಾಗದು, ಬರೆದರೆ ಅದು ಬೇರೆಯವರು ಬರೆದುದರ ನಕಲಾಗುತ್ತದೆ.

ಪುಸ್ತಕದಲ್ಲಿರುವುದನ್ನು ಪರೀಕ್ಷೆಗೆ ಒಪ್ಪಿಸುವುದೇ ಇತಿಹಾಸ ವಿಭಾಗದ ಕೆಲಸವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಧಾರವಾಡದ ಪರಂಪರೆ ಹಾಗಿರಲಿಲ್ಲ. 1939ರಲ್ಲಿ ಇಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದಾಗ ಅದರ ಕೆಲಸ ಹಳ್ಳಿಹಳ್ಳಿ ಸುತ್ತಿ ಶಾಸನ, ಹಸ್ತಪ್ರತಿಗಳನ್ನು ಕೂಡಿಹಾಕುವುದಾಗಿತ್ತು. ಆರ್.ಎಸ್. ಪಂಚಮುಖಿ, ಪಿ.ಬಿ. ದೇಸಾಯಿ, ಜಿ.ಎಸ್. ದೀಕ್ಷಿತ, ಶ್ರೀನಿವಾಸ ರಿತ್ತಿ ಮುಂತಾದವರು ಕಲ್ಲಿನ ಮುಂದೆ ಕೂತು ಓದಿ ಇತಿಹಾಸ ಬರೆದವರು. ಡಿ.ಸಿ. ಪಾವಟೆಯವರು ಕುಲಪತಿಯಾಗಿದ್ದ ಕಾಲದಲ್ಲಿ ವಿಶ್ವವಿದ್ಯಾಲಯದ ಪ್ರಸಾರಾಂಗವು ಪ್ರಾಧ್ಯಾಪಕರನ್ನು ಊರೂರಿಗೆ ಕರೆದೊಯ್ದು ಉಪನ್ಯಾಸ ಕೊಡಿಸಿತು, ಆ ಉಪನ್ಯಾಸಗಳನ್ನು ಕಿಸೆಗೆ ಹಿಡಿಸುವ ಪುಸ್ತಿಕೆಗಳಾಗಿ ಅಗ್ಗದ ಬೆಲೆಗೆ ಮಾರಿತು. ಕವಿ ಚೆನ್ನವೀರ ಕಣವಿಯವರು ದಶಕಗಳ ಕಾಲ ದುಡಿದದ್ದು ಆ ಪ್ರಸಾರಾಂಗದಲ್ಲೇ. ಹಳೆಯ ಗ್ರಂಥಾಲಯಗಳಲ್ಲಿ ಈ ಪುಸ್ತಿಕೆಗಳು ಇನ್ನೂ ಕಾಣಸಿಗುತ್ತವೆ. ವಿದ್ವತ್ತನ್ನು ಜನರ ಬಳಿಗೆ ಒಯ್ಯಬೇಕೆಂಬ ಕಾಳಜಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಂದು ಆ ಜಾಗವನ್ನು ತುಂಬಿರುವವರು ಯಾರು? ಮೊಬೈಲಿನಲ್ಲಿ ಬರುವ ಎರಡು ನಿಮಿಷದ ವೀಡಿಯೊ. ಟಿಪ್ಪುವಿನ ಬಗ್ಗೆ, ಬಹಮನಿಗಳ ಬಗ್ಗೆ, ತಾಳಿಕೋಟೆಯ ಬಗ್ಗೆ ಅಲ್ಲಿ ತೀರ್ಪುಗಳು ಹೊರಡುತ್ತವೆ. ಪಠ್ಯಪುಸ್ತಕ 2022ರಲ್ಲಿ ಒಂದು ಬಗೆ, 2023ರಲ್ಲಿ ಇನ್ನೊಂದು ಬಗೆ. ಟಿಪ್ಪು ಜಯಂತಿ 2015ರಲ್ಲಿ ಸರಕಾರಿ ಆಚರಣೆಯಾಗುತ್ತದೆ, 2019ರಲ್ಲಿ ರದ್ದಾಗುತ್ತದೆ. ಈ ಜಗ್ಗಾಟದಲ್ಲಿ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳ ಧ್ವನಿ ಎಷ್ಟು ಕೇಳಿಸಿತು? ಮೌನಕ್ಕೆ ಕಾರಣಗಳಿಲ್ಲವೆಂದಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಬಾಗಿಲು ತಟ್ಟಿ ಬಂದವರ ಗುಂಡಿಗೆ ಡಾ. ಎಂ.ಎಂ. ಕಲಬುರ್ಗಿಯವರು ಬಲಿಯಾದುದನ್ನು ಕಂಡ ಊರಿದು. ಜೊತೆಗೆ, ರಾಜ್ಯದ ಸರಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರಿಂದ. 2023ರ ಕೊನೆಯಲ್ಲಿ ಅವರು ಪಾಠ ಬಿಟ್ಟು ಬೀದಿಗಿಳಿಯಬೇಕಾಯಿತು. ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕನು ವಿವಾದಿತ ವಿಷಯದಲ್ಲಿ ಬಾಯಿ ಬಿಡಬೇಕೆಂದು ನಿರೀಕ್ಷಿಸುವುದು ಕ್ರೌರ್ಯವೇ ಸರಿ.

ಕಲಬುರ್ಗಿಯವರ ಹೆಸರಿನೊಂದಿಗೆ ಇನ್ನೊಂದು ಹೆಸರನ್ನು ಸೇರಿಸಲು ನಾವು ಇಚ್ಛಿಸುತ್ತೇವೆ. ಕಲಬುರ್ಗಿಯವರು ಕನ್ನಡ ವಿಭಾಗದವರಾದರೂ ಶಾಸನ ಮತ್ತು ಹಸ್ತಪ್ರತಿಗಳ ಸಂಶೋಧಕರು. ವಚನ ಸಾಹಿತ್ಯದ ಸಂಪಾದನೆಯಷ್ಟೇ ಶ್ರದ್ಧೆಯಿಂದ ಅವರು ಆದಿಲಶಾಹಿ ಕಾಲದ ಪಾರ್ಸಿ, ದಖ್ಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆಯ ಹಿಂದೆ ನಿಂತರು. ಫರಿಶ್ತಾ ತನ್ನ ಚರಿತ್ರೆಯನ್ನು ಬರೆದದ್ದು ಎರಡನೇ ಇಬ್ರಾಹೀಮ್ ಆದಿಲಶಾಹನ ಆಶ್ರಯದಲ್ಲಿ, ನಮ್ಮ ವಿಜಯಪುರದಲ್ಲೇ ಎಂಬುದನ್ನು ಕನ್ನಡಿಗರಿಗೆ ಮನವರಿಕೆ ಮಾಡಿಕೊಡಲು ಒಬ್ಬ ಲಿಂಗಾಯತ ವಿದ್ವಾಂಸರು ಬೇಕಾದರು. ಇತ್ತ ಮೈಸೂರಿನಲ್ಲಿ ಪ್ರೊ. ಬಿ. ಶೇಖ್ ಅಲಿಯವರು ಹೈದರ್ ಅಲಿ ಮತ್ತು ಬ್ರಿಟಿಷರ ಸಂಬಂಧದ ಕುರಿತು ಮಾತ್ರ ಬರೆಯಲಿಲ್ಲ, ಜೈನ ಧರ್ಮಕ್ಕೆ ಆಶ್ರಯವಿತ್ತ ತಲಕಾಡಿನ ಗಂಗರ ಇತಿಹಾಸವನ್ನೂ ಬರೆದರು. ಇತಿಹಾಸದ ಪ್ರಾಧ್ಯಾಪಕರಾಗಿದ್ದ ಅವರು ಮಂಗಳೂರು ವಿಶ್ವವಿದ್ಯಾಲಯಕ್ಕೂ ಅನಂತರ ಗೋವಾ ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿಗಳಾದರು. 2022ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಎಷ್ಟು ವೇದಿಕೆಗಳು ಸಂತಾಪ ಸೂಚಿಸಿದವು? ಟಿಪ್ಪುವಿನ ಹೆಸರಿನಲ್ಲಿ ಸಂಘ ಕಟ್ಟಿದ ತರುಣರಲ್ಲಿ ಎಷ್ಟು ಮಂದಿ ಅವರ ಒಂದು ಪುಸ್ತಕವನ್ನಾದರೂ ತೆರೆದಿದ್ದಾರೆ?

ಇಲ್ಲಿ ನಾವು ಕನ್ನಡಿಯನ್ನು ನಮ್ಮ ಕಡೆಗೇ ತಿರುಗಿಸಬೇಕಾಗಿದೆ. ಟಿಪ್ಪು ಶೃಂಗೇರಿ ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು ನಮ್ಮ ಭಾಷಣಕಾರರು ಪ್ರತಿ ಸಭೆಯಲ್ಲೂ ಉಲ್ಲೇಖಿಸುತ್ತಾರೆ. ಆ ಪತ್ರಗಳನ್ನು ಮಠದ ಕಡತಗಳಿಂದ ಹುಡುಕಿ 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮಠ ಆ ಕಾಗದಗಳನ್ನು ಒಂದು ಶತಮಾನಕ್ಕೂ ಮಿಕ್ಕಿ ಜೋಪಾನವಾಗಿ ಇಟ್ಟುಕೊಂಡಿತ್ತು. ಒಬ್ಬ ವಿದ್ವಾಂಸರು ಕೇಳಿದಾಗ ತೋರಿಸಿತು. ಅದೇ ರೀತಿ ನಮ್ಮ ದರ್ಗಾದ ಅಥವಾ ಮಸೀದಿಯ ಪೆಟ್ಟಿಗೆಯನ್ನು ತೋರಿಸಿರೆಂದು ಇತಿಹಾಸ ವಿಭಾಗದ ಸಂಶೋಧನಾ ವಿದ್ಯಾರ್ಥಿಯೊಬ್ಬ ಬಂದರೆ ಏನಾಗುತ್ತದೆ? ಕಮಿಟಿಯವರು ಪರಸ್ಪರ ಮುಖ ನೋಡುತ್ತಾರೆ. ಯಾರು ಕಳಿಸಿದ್ದು, ಯಾಕೆ ಬೇಕು ಎಂಬ ವಿಚಾರಣೆ ಆರಂಭವಾಗುತ್ತದೆ. ಈಗಿನ ವಾತಾವರಣದಲ್ಲಿ ಆ ಭಯ ಅರ್ಥವಾಗುವಂಥದ್ದೇ. ಆದರೆ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಕಾಗದ ಯಾವ ನ್ಯಾಯಾಲಯದಲ್ಲೂ ಸಾಕ್ಷಿ ಹೇಳಲಿಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದು? ಅದು ನಮಾಝಿನ ಕುರಿತಾದುದಲ್ಲ, ಯುದ್ಧದ ಕುರಿತಾದುದೂ ಅಲ್ಲ. ಅಲ್‌ಬಕರ ಅಧ್ಯಾಯದ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದು ಎಂದು ಆದೇಶಿಸುತ್ತದೆ. ಯಾರಿಂದ ಯಾರಿಗೆ ಬಂದ ಮಾತು ಎಂಬ ಸರಣಿಯನ್ನು ಪರಿಶೀಲಿಸದೆ ಪ್ರವಾದಿವಚನವನ್ನೂ ಸ್ವೀಕರಿಸದ ಹದೀಸ್ ವಿದ್ವಾಂಸರ ಪರಂಪರೆ ನಮ್ಮದು. ರಾಜರ ಹೊಗಳಿಕೆಯ ಕಥೆಗಳನ್ನು ಬುದ್ಧಿಯ ಒರೆಗಲ್ಲಿಗೆ ಹಚ್ಚಬೇಕೆಂದು ಇಬ್ನ್ ಖಲ್ದೂನ್ ಹದಿನಾಲ್ಕನೇ ಶತಮಾನದಲ್ಲೇ ವಾದಿಸಿದ್ದರು. ಇಂತಹ ಪರಂಪರೆಯ ವಾರಸುದಾರರ ಮನೆಗಳಲ್ಲಿ ಮಗ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆಂದರೆ ತಂದೆಯ ಮುಖ ಸಪ್ಪಗಾಗುತ್ತದೆ. ಇಂಜಿನಿಯರಿಂಗ್ ಸೀಟಿಗೆ ಹೊಲ ಮಾರುವ ಸಮುದಾಯ, ಹೊಲದ ಕಾಗದ ಓದಬಲ್ಲವನಿಗೆ ಒಂದು ವಿದ್ಯಾರ್ಥಿವೇತನ ಕೊಟ್ಟುದನ್ನು ನಾವು ಕಂಡದ್ದು ಅಪರೂಪ.

ಇತಿಹಾಸದ ಜ್ಞಾನ ನಮ್ಮ ಆಸ್ತಿಯನ್ನಷ್ಟೇ ಕಾಯಬೇಕೆಂಬುದು ನಮ್ಮ ವಾದವಲ್ಲ. 2024ರಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರು ತಮ್ಮ ಹೊಲ ವಕ್ಫ್‌ಗೆ ಹೋಗುತ್ತದೆಂದು ಬೆಚ್ಚಿಬಿದ್ದಾಗ, ಗೆಜೆಟ್ಟಿನಲ್ಲಿ ಊರಿನ ಹೆಸರು ತಪ್ಪಾಗಿ ಸೇರಿದ್ದೆಂದು ಸರಕಾರವೇ ವಿವರಿಸಬೇಕಾಯಿತು. ಆ ತಪ್ಪನ್ನು ಮೊದಲೇ ಗುರುತಿಸಿ ಹೇಳಬಲ್ಲ ಒಬ್ಬ ಇತಿಹಾಸಕಾರನಿದ್ದಿದ್ದರೆ ರೈತನ ನಿದ್ದೆ ಕೆಡುತ್ತಿರಲಿಲ್ಲ, ದ್ವೇಷದ ವ್ಯಾಪಾರಿಗಳಿಗೆ ಸರಕು ಸಿಗುತ್ತಿರಲಿಲ್ಲ. ದಾಖಲೆ ರೈತನ ಪರವಾಗಿದ್ದರೆ ಅದನ್ನು ಮೊದಲು ಹೇಳಬೇಕಾದವರು ನಾವೇ. ಸ್ವಂತಕ್ಕೆ ವಿರುದ್ಧವಾದರೂ ನ್ಯಾಯದ ಸಾಕ್ಷಿ ನುಡಿಯಬೇಕೆಂಬುದು ಧರ್ಮದ ಆದೇಶ.

ವಿಶ್ವವಿದ್ಯಾಲಯದ ಮುಂದೆ ನಮ್ಮ ಕೋರಿಕೆ ದೊಡ್ಡದಲ್ಲ. ಮೋಡಿ ಮತ್ತು ಪಾರ್ಸಿ ಲಿಪಿಯ ಆರು ತಿಂಗಳ ಸಂಜೆ ತರಗತಿಯೊಂದನ್ನು ಇತಿಹಾಸ ವಿಭಾಗ ನಡೆಸಲಿ. ಯುವ ವಕೀಲರೂ ಮದ್ರಸಾದ ಪದವೀಧರರೂ ಕಂದಾಯ ಇಲಾಖೆಯ ನೌಕರರೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರಲಿ. ಮದ್ರಸಾದ ಹುಡುಗನಿಗೆ ಅರಬಿ ಲಿಪಿ ಮೊದಲೇ ಗೊತ್ತು, ಅವನಿಗೆ ಕಲಿಸಬೇಕಾದುದು ದಾಖಲೆಯ ಭಾಷೆ ಮತ್ತು ಕಾಲಜ್ಞಾನ ಮಾತ್ರ. ತಿಂಗಳಿಗೊಂದು ದಿನ ಪ್ರಾಧ್ಯಾಪಕರೂ ಸಂಶೋಧನಾ ವಿದ್ಯಾರ್ಥಿಗಳೂ ಬೇಲೂರಿನ ಹೈಕೋರ್ಟಿನ ವಕೀಲರ ಸಂಘದಲ್ಲೋ ಅಂಜುಮನ್ ಕಾಲೇಜಿನಲ್ಲೋ ಕೂತು, ಯಾವ ಜಾತಿಮತದವರೇ ಆಗಲಿ, ತಂದ ಕಾಗದವನ್ನು ಓದಿ ಹೇಳಲಿ. ಹಿಂದಿನವರು ಊರೂರಿಗೆ ಉಪನ್ಯಾಸ ಒಯ್ದದ್ದಕ್ಕಿಂತ ಇದು ಕಷ್ಟದ ಕೆಲಸವಲ್ಲ. ಇದಕ್ಕೆ ತಗಲುವ ಖರ್ಚನ್ನು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ಹೇರದೆ, ಸರಕಾರವೂ ಸಮುದಾಯದ ಸಂಸ್ಥೆಗಳೂ ಹೊರಲಿ.

ಮಸೀದಿ ಕಮಿಟಿಗಳಲ್ಲಿ ನಮ್ಮ ವಿನಂತಿ ಇನ್ನೂ ಚಿಕ್ಕದು. ಈ ಶುಕ್ರವಾರ ಜುಮಾ ಮುಗಿದ ನಂತರ ನಾಲ್ಕು ಮಂದಿಯ ಸಮಕ್ಷಮದಲ್ಲಿ ಆ ಪೆಟ್ಟಿಗೆಯನ್ನು ತೆರೆಯಿರಿ. ಒಳಗಿರುವುದರ ಪಟ್ಟಿ ಮಾಡಿ, ಪ್ರತಿಯೊಂದು ಹಾಳೆಯ ಛಾಯಾಚಿತ್ರ ತೆಗೆದು ಎರಡು ಕಡೆ ಇಡಿ. ಓದಲು ಬಾರದ ಹಾಳೆಯನ್ನು ರದ್ದಿಯೆಂದು ಎಸೆಯಬೇಡಿ.